ರಾಣಿ ಪಾತ್ರಕ್ಕೆ ಬಂದವರು

ನಮ್ಮ ಶಾಲೆಗೆ ಬಂದು ಮಕ್ಕಳಿಗೆ ನಾಟಕ ಕಲಿಸುತ್ತೀರಾ ಎಂದು ಫೋನಿನಲ್ಲಿ ಕೇಳಿದಾಗ ಆಕೆ ಮಕ್ಕಳು ಎಷ್ಟು, ಯಾವ ಕ್ಲಾಸು ಎಂದೆಲ್ಲ ವಿಚಾರಿಸಲಿಲ್ಲ. "ನೆಲ ಎಂಥದು?" ಎಂದರು. ನನಗೆ ಅರ್ಥವಾಗಲಿಲ್ಲ. "ಯಾವ ನೆಲ ಅಮ್ಮಾ?" ಎಂದೆ.

"ಮಕ್ಳು ಬೀಳೋ ನೆಲ ಕಣಮ್ಮಾ. ಸಿಮೆಂಟೋ, ಮಣ್ಣೋ? ನನ್ ಪಾಠದಲ್ಲಿ ಬೀಳೋದೇ ಜಾಸ್ತಿ."

ಶಾಲೆಯ ಹಿಂದೆ ಹುಣಸೆ ಮರವಿದೆ, ಅದರ ಕೆಳಗೆ ಒಳ್ಳೆಯ ಮಣ್ಣಿದೆ ಎಂದೆ. "ಹಂಗಾದ್ರೆ ಬತ್ತೀನಿ" ಎಂದು ಫೋನಿಟ್ಟರು. ಮರುದಿನ ಇದನ್ನು ಹೆಡ್ ಮೇಷ್ಟ್ರಿಗೆ ಹೇಳಿದರೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಹಂಗಾಯ್ತಲ್ಲ ಮೇಡಮ್" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಬೀಳುವ ಮಗುವಿನ ಮಂಡಿಯನ್ನು ಮೊದಲೇ ನೆನೆಯುವ ಮೇಷ್ಟ್ರನ್ನು ನಾನು ನನ್ನ ಇಷ್ಟು ವರ್ಷದ ಕೆಲಸದಲ್ಲಿ ಹೆಚ್ಚು ಕಂಡಿಲ್ಲ.

ನನ್ನ ಮನೆ ಕಡೂರಿನಲ್ಲಿ. ಪಂಚನಹಳ್ಳಿ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ನಾನೂ ನನ್ನಂಥ ತಲೆಕೆಟ್ಟ ಕೆಲವು ಮೇಷ್ಟ್ರುಗಳೂ ಸೇರಿ, ಕಲೆಯನ್ನೇ ಹೊಟ್ಟೆಪಾಡು ಮಾಡಿಕೊಂಡವರನ್ನು ಹುಡುಕಿ ಸುತ್ತಲಿನ ಶಾಲೆಗಳಿಗೆ ಕೆಲವು ದಿನಗಳ ಶಿಬಿರಕ್ಕೆ ಕರೆತರುತ್ತೇವೆ. ಲಿಂಗದಹಳ್ಳಿ ಕಡೆ ಡೊಳ್ಳಿನವರು ಬಂದಿದ್ದರು. ಶಿವನಿ ಸ್ಟೇಷನ್ನಿನಲ್ಲಿ ಗೊಂಬೆಯಾಟದವರೊಬ್ಬರು ಪೆಟ್ಟಿಗೆ ಸಮೇತ ರೈಲಿಳಿದಾಗ ಆ ಪೆಟ್ಟಿಗೆ ಹೊರಲು ಮಕ್ಕಳು ಜಗಳವಾಡಿದ್ದರು. ಹಾರ, ಶಾಲು, ಉದ್ದ ಭಾಷಣ, ಗ್ರೂಪ್ ಫೋಟೋ ಇವಕ್ಕೆ ನಾವು ಬಗ್ಗುವುದಿಲ್ಲ. ಬಂದವರು ಬೆವರಬೇಕು, ಮಕ್ಕಳೂ ಬೆವರಬೇಕು. ಹಾಗೆ ಹೇಳಿ ಹೇಳಿಯೇ ನನಗೆ ಇಲಾಖೆಯಲ್ಲಿ 'ಬಾಯಿ ಜೋರು' ಎಂಬ ಹೆಸರು ಬಂದಿದೆ. ಇರಲಿ, ಸುಳ್ಳೇನಲ್ಲ.

ಫೋನಿನಲ್ಲಿ ನೆಲ ಕೇಳಿದ ಈಕೆ ತರೀಕೆರೆಯವರು. ಎಲ್ಲರೂ ಅಮ್ಮ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಹುಡುಗಿಯಾಗಿದ್ದಾಗ ನಾಟಕದ ಕಂಪನಿಯೊಂದರಲ್ಲಿದ್ದರು. ಅದು ಮುಚ್ಚಿದ ಮೇಲೆ ಹಳ್ಳಿ ನಾಟಕಗಳಿಗೆ ಹೋಗತೊಡಗಿದರು. ನಮ್ಮ ಹಳ್ಳಿಗಳ ಪೌರಾಣಿಕ ನಾಟಕಕ್ಕೆ ಒಂದು ಪದ್ಧತಿಯಿದೆ. ಊರ ಗಂಡಸರು ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಕಲಿಯುತ್ತಾರೆ. ರಾಜ, ಮಂತ್ರಿ, ಸೇನಾಪತಿ ಎಲ್ಲ ಊರವರೇ. ರಾಣಿ ಮಾತ್ರ ಹೊರಗಿನಿಂದ ಬರಬೇಕು. ಸ್ತ್ರೀಪಾತ್ರಕ್ಕೆಂದೇ ಇರುವ ಕಲಾವಿದೆಯರು ನಾಟಕದ ದಿನ ಬಸ್ಸಿಳಿದು, ಪರಿಚಯವೇ ಇಲ್ಲದ ಗಂಡಸಿನ ಎದುರು ಹೆಂಡತಿಯಾಗಿ ನಿಂತು, ಹಾಡಿ, ಅತ್ತು, ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಾರೆ. ಊರ ಹೆಂಗಸರು ಚಾಪೆ ಹಾಸಿಕೊಂಡು ನೋಡುತ್ತಾರೆ. ಆ ಊರ ಹೆಣ್ಣುಮಗಳೊಬ್ಬಳು ತಾನೇ ರಂಗ ಹತ್ತಿದ್ದನ್ನು ನಾನು ನೋಡಿರಲಿಲ್ಲ. ಅಮ್ಮ ರಾಣಿಯಾಗದ ಊರು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನಲ್ಲಿ ಕಡಿಮೆಯೇ.

ಈ ಪದ್ಧತಿ ನಮ್ಮ ಶಿಬಿರದ ಮೊದಲ ದಿನವೇ ನನಗೆ ಅಡ್ಡ ಬರುತ್ತದೆಂದು ಹೊಳೆದಿರಲಿಲ್ಲ. ಅಮ್ಮನನ್ನು ಕರೆತರಲು ನಾನು ಹಿಂದಿನ ದಿನ ರಜೆ ಹಾಕಿ ತರೀಕೆರೆಗೆ ಹೋಗಿದ್ದೆ. ಅವರು ಕಡೂರಿನ ನಮ್ಮ ಮನೆಯಲ್ಲೇ ಉಳಿದರು. ಬೆಳಿಗ್ಗೆ ಕಣ್ಣಿಗೆ ಕಾಡಿಗೆ ಹಚ್ಚಿ, ಪೌಡರ್ ಹಾಕಿ, ನನ್ನ ಸ್ಕೂಟರಿನ ಹಿಂದೆ ಒಂದೇ ಪಕ್ಕ ಕಾಲು ಇಳಿಬಿಟ್ಟು ಕೂತರು. ದಾರಿಯುದ್ದಕ್ಕೂ ನನ್ನ ಡ್ರೈವಿಂಗಿಗೆ ಬೈಗುಳ. ಶಾಲೆ ಮುಟ್ಟಿದರೆ ಗೇಟಿನಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕಳಶ ಹಿಡಿದು ನಿಂತಿದ್ದಾರೆ. ಆರತಿ ಆಯಿತು. ಒಳಗೆ ಹಾಲ್‌ನಲ್ಲಿ ಚಾಪೆಯ ಮೇಲೆ ಬರೀ ಗಂಡುಹುಡುಗರು. ಕೆಲವರು ಇದ್ದಿಲಿನಲ್ಲಿ ಮೀಸೆ ಬೇರೆ ಬರೆದುಕೊಂಡಿದ್ದಾರೆ.

ಶಾಲಾ ಸಮಿತಿಯ ಅಧ್ಯಕ್ಷರು ಕೈ ಮುಗಿದು ಮುಂದೆ ಬಂದರು. ತೆಂಗಿನ ತೋಟದ ಸಾಹುಕಾರರು, ಆ ಊರಿನ ನಾಟಕಗಳಲ್ಲಿ ಖಾಯಂ ರಾಜ. ಅಮ್ಮನ ಎದುರು ಎಷ್ಟೋ ಸಲ ಪಾರ್ಟು ಮಾಡಿದವರು. "ರಾಜನ್ ಪಾರ್ಟಿಗೆ ಚೆನ್ನಾಗಿರೋ ಹುಡುಗ್ರನ್ನೇ ಆರಿಸಿ ಕೂರ್ಸೀವ್ನಿ ಅಮ್ಮಾ. ಯಾರ್ ಬೇಕೋ ತಗಳಿ. ರಾಣಿ ಹೆಂಗೂ ನೀವೇ ಅಲ್ವಾ" ಎಂದರು.

ನಾನು ಹೆಡ್ ಮೇಷ್ಟ್ರ ಕಡೆ ತಿರುಗಿ, "ಹೆಣ್ಮಕ್ಕಳು ಎಲ್ಲಿ ಸಾರ್?" ಎಂದೆ.

"ಅವ್ರಿಗೆ ಆರತಿ, ರಂಗೋಲಿ, ಪ್ರಾರ್ಥನೆ. ಎಲ್ಲಾ ವ್ಯವಸ್ಥೆ ಆಗಿದೆ ಮೇಡಮ್" ಎಂದರು ಅವರು ಸಂತೋಷದಿಂದ.

ಯಾರದೂ ಕೆಟ್ಟ ಮನಸ್ಸಲ್ಲ. ಕಲಾವಿದೆ ಬರುತ್ತಾರೆ, ಕೊನೆಯ ದಿನ ನಾಟಕ ಎಂದು ನಾನು ಹೇಳಿದ್ದೆ. ಕಲಾವಿದೆ ಬಂದರೆ ರಾಣಿ ಬಂದ ಹಾಗಾಯಿತು, ಇನ್ನು ಹುಡುಗಿಯರಿಗೆ ಅಲ್ಲೇನು ಕೆಲಸ ಎಂದು ಊರೇ ತಿಳಿದುಕೊಂಡಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನಗಲು ಶುರು ಮಾಡಿದರು. ಕಾಡಿಗೆ ಕರಗಿ ಇಳಿಯುವಷ್ಟು ನಕ್ಕರು.

"ಅಯ್ಯೋ ನಮ್ಮಪ್ಪಾ! ಈ ಮೊಮ್ಮಕ್ಳೆಲ್ಲ ನನ್ ಗಂಡಂದಿರೇನೋ? ಲೇ, ಮೀಸೆ ತೊಳ್ಕೊಂಬರ್ರೋ ಮೊದ್ಲು. ಹೆಣ್ಮಕ್ಳೇ, ಕಳಶ ಕೆಳಗಿಟ್ಟು ಎಲ್ರೂ ಹುಣಸೆ ಮರದ್ ತಾವ ಬರ್ರಿ."

ಹೀಗೆ ಶುರುವಾಯಿತು. ಅವರು ಕಲಿಸುವುದನ್ನು ನೋಡಿ ನನಗೆ ನನ್ನ ಬಿ.ಎಡ್. ಪದವಿಯ ಮೇಲೇನೂ ಬೇಸರ ಬರಲಿಲ್ಲ, ಆದರೆ ಪೀರಿಯಡ್ಡಿನ ಗಂಟೆಯ ಮೇಲೆ ಬಂತು. ಗಂಟೆ ಹೊಡೆದಾಗಲೆಲ್ಲ ಮಕ್ಕಳು ಅಯ್ಯೋ ಎನ್ನುತ್ತಿದ್ದರು. ಮೊದಲ ದಿನ ಯಾರಿಗೂ ಮಾತೇ ಇಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಹೇಗೆ ಕೇಳಬೇಕು ಎಂಬುದಷ್ಟೇ ಪಾಠ. "ಸ್ಟೇಜ್ ಮೇಲೆ ಸುಮ್ನೆ ನಿಂತೋನೇ ಗಟ್ಟಿಗ ಕಣ್ರೋ. ಬಾಯ್ ಬಡ್ಕೊಳೋದು ಕಾಗೇನೂ ಮಾಡ್ತದೆ" ಎನ್ನುತ್ತಿದ್ದರು. ಆಮೇಲೆ ಬೀಳುವ ಪಾಠ. ಪೆಟ್ಟಾಗದ ಹಾಗೆ ಮೊದಲು ಮಂಡಿ, ಆಮೇಲೆ ಸೊಂಟ, ಆಮೇಲೆ ಭುಜ. ಅರವತ್ತು ದಾಟಿದ ಹೆಂಗಸು ಸೆರಗು ಸಿಕ್ಕಿಸಿಕೊಂಡು ಮಣ್ಣಿನಲ್ಲಿ ಬಿದ್ದು ತೋರಿಸಿ, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು. ಹೆಡ್ ಮೇಷ್ಟ್ರು ನೆಲದ ಗಾದೆಯನ್ನು ಮತ್ತೆ ಎತ್ತಲಿಲ್ಲ.

ಕಥೆಯನ್ನು ಮಕ್ಕಳೇ ಕಟ್ಟಿದರು. ಒಬ್ಬ ರಾಜ ಊರ ಕೆರೆಗೆ ಬೇಲಿ ಹಾಕಿಸಿ, ಒಳಗೆ ಯಾರನ್ನೂ ಬಿಡಬಾರದು ಎಂದು ಕಾವಲಿಗೆ ಅಪ್ಪಣೆ ಮಾಡುತ್ತಾನೆ. ಒಂದು ದಿನ ಬೇಟೆಯಿಂದ ಬಾಯಾರಿ ಬಂದರೆ ಕಾವಲಿನವರು ಅವನನ್ನೇ ಬಿಡುವುದಿಲ್ಲ, ರಾಜರ ಅಪ್ಪಣೆಯಾಗಿದೆ ಸ್ವಾಮಿ ಎನ್ನುತ್ತಾರೆ. ರಾಜನ ಪಾತ್ರಕ್ಕೆ ಅಮ್ಮ ಇಟ್ಟ ಪರೀಕ್ಷೆ ಒಂದೇ: ಮೈದಾನದ ಆ ತುದಿಯಲ್ಲಿ ನಿಂತು 'ಬೇಲಿ ತೆಗೀರಿ' ಎನ್ನಬೇಕು, ಕಿರುಚಬಾರದು, ಈ ತುದಿಗೆ ಕೇಳಬೇಕು. ಹುಡುಗರು ಕಿರುಚಿದರು. ಕೊನೆಗೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಹೋಗಿ ನಿಂತಳು. ತರಗತಿಯಲ್ಲಿ ಹಾಜರಿ ಹೇಳುವಾಗಲೂ ಅವಳ ದನಿ ಪಕ್ಕದ ಕೋಣೆಗೆ ಕೇಳುತ್ತದೆ. ಅವಳು 'ಬೇಲಿ ತೆಗೀರಿ' ಎಂದಾಗ ಆಚೆ ತೋಟದಲ್ಲಿ ಬೋರ್‌ವೆಲ್ ಹತ್ತಿರವಿದ್ದವರು ತಿರುಗಿ ನೋಡಿದರು. ಅಮ್ಮ ತಮ್ಮ ಚೀಲದಿಂದ ಕಾಗದದ ಕಿರೀಟ ತೆಗೆದು ಅವಳ ಕೈಗೆ ಕೊಟ್ಟರು.

ಆ ಹುಡುಗಿ ಅಧ್ಯಕ್ಷರ ಮಗಳು.

ಮರುದಿನ ಬೆಳಿಗ್ಗೆ ಅವರು ಬಂದರು. ಜೋರು ಮಾಡಲಿಲ್ಲ. ಅಮ್ಮನ ಮುಂದೆ ಹೆಗಲ ಮೇಲಿನ ಟವೆಲ್ ಇಳಿಸಿ ನಿಂತು, "ಅವಳನ್ನ ಬಿಟ್ಬಿಡಿ ಅಮ್ಮಾ. ಪ್ರಾರ್ಥನೆ ಹಾಡ್ತಾಳೆ ಬೇಕಾದ್ರೆ" ಎಂದರು.

"ಯಾಕಪ್ಪಾ? ನಿನ್ ಎದುರು ನಾನು ಎಷ್ಟ್ ವರ್ಷ ನಿಂತೀನಿ. ನಿನ್ ಮರ್ಯಾದೆಗೇನಾದ್ರೂ ಆಯ್ತಾ?"

"ಛೆ ಛೆ. ನೀವು ಬೇರೆ ಅಮ್ಮಾ, ನೀವು ಕಲಾವಿದ್ರು. ನಮ್ಮನೆ ಹೆಣ್ಮಕ್ಳು ಬೇರೆ."

ಇದನ್ನು ಅವರು ಕೈ ಮುಗಿದುಕೊಂಡು, ನಿಜವಾದ ಗೌರವದಿಂದಲೇ ಹೇಳಿದರು. ನಾನು ಸಿಡಿದೆ. ಹೆಣ್ಣುಮಕ್ಕಳ ಹಕ್ಕು, ಕಾಲ ಬದಲಾದದ್ದು, ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡು, "ನೀವು ಹೇಳೋದು ಸರಿನೇ ಮೇಡಮ್" ಎಂದು ಹೊರಟುಹೋದರು. ಮಗಳು ಕಿರೀಟವನ್ನು ಮೇಜಿನ ಮೇಲಿಟ್ಟಳು. ಅಳಲಿಲ್ಲ. ಬಿಸಿಯೂಟಕ್ಕೆ ಬರಲಿಲ್ಲ, ಅಷ್ಟೇ.

ಸಂಜೆ ಸ್ಕೂಟರಿನಲ್ಲಿ ಅಮ್ಮ ನನ್ನ ಡ್ರೈವಿಂಗಿಗೆ ಒಂದು ಮಾತೂ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಗಿ ಪಂಚನಹಳ್ಳಿಯ ಟೀ ಅಂಗಡಿಯಲ್ಲಿ ನಿಲ್ಲಿಸಿದೆ. ನೀವು ಬೇರೆ ಎಂದ ಆ ಮಾತಿನ ಬಗ್ಗೆ ಮತ್ತೆ ಕಿಡಿಕಾರತೊಡಗಿದೆ. ಅವರು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೇಳುತ್ತಿದ್ದರು.

"ಸಾಕು ಸುಮ್ನಿರು ಟೀಚರಮ್ಮಾ. ನನ್ ಮಗಳನ್ನ ನಾನೂ ಸ್ಟೇಜ್ ಹತ್ತಿಸ್ಲಿಲ್ಲ. ನರ್ಸಿಂಗ್ ಓದಿಸ್ದೆ. ಅವಳು ನನ್ ನಾಟಕ ಒಂದೂ ನೋಡಿಲ್ಲ, ಗೊತ್ತಾ? ನಾನೇ ಬರ್ಬೇಡ ಅಂದಿದ್ದೆ."

ನಾನು ಲೋಟ ಕೆಳಗಿಟ್ಟೆ. "ಮತ್ತೆ ಈ ಹುಡುಗಿ ವಿಷಯದಲ್ಲಿ ಯಾಕಮ್ಮಾ ಇಷ್ಟು ಹಟ?" ಎಂದೆ.

"ಆ ಗಂಟ್ಲು ಕೇಳ್ದೆಯಲ್ಲ. ಕೇಳಿದ್ಮೇಲೆ ಬಿಡು ಅಂದ್ರೆ ಹೆಂಗ್ ಬಿಡ್ಲಿ ಹೇಳು" ಎಂದರು. ಆಮೇಲೆ ಟೀ ತಣ್ಣಗಾಗಿದೆ ಎಂದು ಅಂಗಡಿಯವನಿಗೆ ಬೈದು, ಇನ್ನೊಂದು ಹಾಕಿಸಿಕೊಂಡು ಕುಡಿದರು.

ಮರುದಿನ ಅವರು ನನ್ನನ್ನು ಕೇಳದೆಯೇ ಅಧ್ಯಕ್ಷರಿಗೆ ಹೇಳಿಕಳಿಸಿದರು. ರಾಜ ಹೇಗೆ ಕೂರುತ್ತಾನೆಂದು ಹುಡುಗರಿಗೆ ಬರುತ್ತಿಲ್ಲ, ಬಂದು ತೋರಿಸಿಕೊಡಪ್ಪಾ, ನಿನ್ನ ಹಾಗೆ ಕೂರುವವರು ಯಾರಿದ್ದಾರೆ ಎಂದು. ಇದು ಪಕ್ಕಾ ವೃತ್ತಿಯವರ ಕುಯುಕ್ತಿ. ನಾಟಕದ ಹುಚ್ಚಿರುವ ಗಂಡಸಿಗೆ ಇದಕ್ಕಿಂತ ದೊಡ್ಡ ಗಾಳ ಇಲ್ಲ. ತೋಟಕ್ಕೆ ನೀರು ಬಿಟ್ಟು, ಕೆಸರು ಕಾಲಿನಲ್ಲೇ ಬಂದರು.

ಕುರ್ಚಿಯ ಮೇಲೆ ಹುಡುಗನೊಬ್ಬ ಬೈಕ್ ಮೇಲೆ ಕೂತ ಹಾಗೆ ಕೂತಿದ್ದ. "ಲೇ, ರಾಜ ಒರಗಲ್ಲ ಕಣೋ. ಏಳು" ಎಂದು ಅಧ್ಯಕ್ಷರು ತಾವೇ ಕೂತು ತೋರಿಸಿದರು. ಕೆಸರು ಕಾಲು, ಮಾಸಿದ ಪಂಚೆ. ಆದರೂ ಆ ಪ್ಲಾಸ್ಟಿಕ್ ಕುರ್ಚಿಗೆ ಒಂದು ಗತ್ತು ಬಂತು, ಇಲ್ಲವೆನ್ನಲಾರೆ. ಇನ್ನೊಬ್ಬ ಹುಡುಗ ಕೂತ, ನಗು ಬಂದು ಎದ್ದ. ಮತ್ತೊಬ್ಬನೂ ಅಷ್ಟೇ. ಅಮ್ಮ ಬೇರೆಲ್ಲೋ ನೋಡುತ್ತಾ, "ಇನ್ಯಾರಾದ್ರೂ ಕೂರ್ತೀರೇನ್ರೋ?" ಎಂದರು.

ಮರದ ಬುಡದಿಂದ ಆ ಹುಡುಗಿ ಎದ್ದು ಬಂದಳು. ಅಪ್ಪನ ಮುಖ ನೋಡಲಿಲ್ಲ. ಕೂತಳು.

"ಎಡಗೈ ತೊಡೆ ಮೇಲೆ" ಎಂದರು ಅಧ್ಯಕ್ಷರು, ಅಭ್ಯಾಸಬಲದಿಂದ. "ಹೂಂ. ಗಲ್ಲ ಸ್ವಲ್ಪ ಇಳಿಸು. ಅಲ್ಲ, ಇಷ್ಟು." ಹತ್ತಿರ ಹೋಗಿ ಅವಳ ಮೊಣಕೈಯನ್ನು ತಾವೇ ಸರಿ ಮಾಡಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಈಗ ಹೇಳು" ಎಂದರು. ಅವಳು ಹೇಳಿದಳು. ಅವರ ಮುಖ ಅರಳಿತು. ಆಗಲೇ ತಾನು ಏನು ಮಾಡುತ್ತಿದ್ದೇನೆಂದು ಅವರಿಗೆ ಅರಿವಾಗಿದ್ದು. ಮಕ್ಕಳೆಲ್ಲ ಅಮ್ಮ ಕಲಿಸಿದ ಹಾಗೆ ಸುಮ್ಮನೆ ನಿಂತು ಕೇಳುತ್ತಿದ್ದರು.

ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಮೀಸೆ ಅಂಟಿಸ್ಬೇಡಿ ಅಷ್ಟೇ" ಎಂದು ಗೇಟಿನ ಕಡೆ ನಡೆದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಅಮ್ಮ ಹಿಂದಿನಿಂದ ಕೂಗಿ ಹೇಳಿದರು, "ಮೀಸೆ ಯಾರಿಗ್ ಬೇಕೋ, ಗಂಟಲೈತೆ!"

ನಾಟಕ ಆದದ್ದು ಕೊನೆಯ ದಿನ ಮಧ್ಯಾಹ್ನ, ಹುಣಸೆ ಮರದ ಕೆಳಗೆ. ಪರದೆ ಇಲ್ಲ, ಮೈಕ್ ಇಲ್ಲ. ಊರವರು ಬಂದಿದ್ದರು, ಹೆಂಗಸರು ಕಾಂಪೌಂಡ್ ಗೋಡೆಯ ಹತ್ತಿರ ನಿಂತಿದ್ದರು. ಮೊದಲು ಹುಡುಗಿಯೊಬ್ಬಳು ರಾಜನಾಗಿ ಬಂದಾಗ ಕಿಸಕ್ಕೆಂದು ನಗು ಎದ್ದಿತು. ಅವಳು ಕೂತಳು. ನಗು ನಿಂತಿತು. ಕಥೆ ಬೇಲಿಯ ಹತ್ತಿರ ಬಂದಾಗ ಅವಳು ಮೊದಲ ಸಲ ಅಪ್ಪಣೆ ಮಾಡುವ ದನಿಯಲ್ಲಿ 'ಬೇಲಿ ತೆಗೀರಿ' ಎಂದಳು. ಕಾವಲಿನವರು ಅಲ್ಲಾಡಲಿಲ್ಲ. ಎರಡನೇ ಸಲ ಸಿಟ್ಟಿನಲ್ಲಿ. ಮೂರನೇ ಸಲ ಅವಳು ಮಂಡಿಯೂರಿ, ಬಾಯಿ ಒಣಗಿದವರ ಹಾಗೆ, ಬರೀ ಉಸಿರಿನಲ್ಲಿ ಹೇಳಿದಳು. ಅದೂ ಗೋಡೆಯವರೆಗೆ ಕೇಳಿಸಿತು. ನನ್ನ ಕಣ್ಣು ತುಂಬಿತು. ಹೆಡ್ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅಮ್ಮ ಮಾತ್ರ ಒಂದು ಕಡೆ ಕೈ ಕಟ್ಟಿ ನಿಂತು, ಅವಳ ಜೊತೆಗೇ ತುಟಿ ಅಲ್ಲಾಡಿಸುತ್ತಿದ್ದರು.

ಮುಗಿದ ಮೇಲೆ ಅಧ್ಯಕ್ಷರು ಬಂದರು. "ನಮ್ ಹುಡುಗಿನ ನಿಮ್ ಹಂಗೇ ಮಾಡ್ಬಿಟ್ರಲ್ಲಮ್ಮಾ" ಎಂದರು.

"ಬಯ್ತಿದೀಯೋ, ಹೊಗಳ್ತಿದೀಯೋ?"

ಅವರು ಕತ್ತು ಕೆರೆದುಕೊಂಡರು. "ನಂಗೂ ಗೊತ್ತಾಗ್ತಿಲ್ಲ ಕಣಮ್ಮಾ" ಎಂದರು.

ಅಷ್ಟರಲ್ಲಿ ಗೋಡೆಯ ಹತ್ತಿರದಿಂದ ಅವರ ಹೆಂಡತಿ ಬಂದರು. ನನಗೆ ನಮಸ್ಕಾರ ಮಾಡಿ, ಅಮ್ಮನ ಕಡೆ ತಿರುಗಿ, "ಅಕ್ಕಾ, ಮನೆಗ್ ಬನ್ನಿ. ಊಟ ಮಾಡ್ಕೊಂಡ್ ಹೋಗೀರಂತೆ" ಎಂದರು. ಅಮ್ಮ ಸೆರಗಿನ ಮಣ್ಣು ಕೊಡವಿಕೊಂಡು ಹೊರಟರು. ನಾಟಕಕ್ಕೆ ಬಂದಾಗಲೆಲ್ಲ ಅವರಿಗೆ ಊಟ ಇದೇ ಶಾಲೆಗೆ ಕ್ಯಾರಿಯರ್‌ನಲ್ಲಿ ಬರುತ್ತಿತ್ತಂತೆ. ಒಳ್ಳೆಯ ಊಟ, ಹೋಳಿಗೆ ತುಪ್ಪದ್ದು. ಆದರೆ ಊರಿನ ಒಂದು ಮನೆಯ ಹೊಸಿಲನ್ನೂ ಅವರು ದಾಟಿರಲಿಲ್ಲ. ಇದನ್ನು ಅವರು ನನಗೆ ದಾರಿಯಲ್ಲಿ, ಯಾರಿಗೂ ಕೇಳಿಸದ ಹಾಗೆ ಹೇಳಿದರು.

ನಡುಮನೆಯಲ್ಲಿ ಚಾಪೆ ಹಾಸಿ ಎಲೆ ಹಾಕಿದರು. ಎದುರು ಗೋಡೆಯ ಮೇಲೆ ಅಧ್ಯಕ್ಷರು ರಾಜನ ವೇಷದಲ್ಲಿರುವ ಒಂದು ಹಳೆಯ ಫೋಟೋ ಇತ್ತು, ಕಟ್ಟು ಹಾಕಿಸಿದ್ದು. ಅವರೊಬ್ಬರೇ ನಿಂತಿದ್ದಾರೆ. ಭುಜದ ಮೇಲೆ ಮಾತ್ರ ಯಾರದೋ ಕೈ, ಮಣಿಕಟ್ಟಿನ ತುಂಬ ಬಳೆ. ಅಲ್ಲಿಂದಾಚೆಗೆ ಚಿತ್ರವೇ ಇಲ್ಲ. ಅಮ್ಮ ಮುರಿದ ಮುದ್ದೆಯನ್ನು ಹಾಗೇ ಬಿಟ್ಟು ಅದನ್ನು ನೋಡಿದರು.

"ಅದು ನನ್ ಕೈ" ಎಂದರು ಮೆಲ್ಲಗೆ.

ಸಾರಿನ ಪಾತ್ರೆ ಹಿಡಿದಿದ್ದ ಹೆಂಡತಿ ಅಲ್ಲೇ ನಿಂತರು. "ಹೂಂ ಅಕ್ಕ. ಕತ್ತರಿಸ್ದೋಳು ನಾನೇ. ಮದ್ವೆ ಆದ ಹೊಸ್ತು. ಊರೋರೆಲ್ಲ ಜೋಡಿ ಚೆನ್ನಾಗೈತೆ ಅಂತಿದ್ರು, ತಡ್ಕೊಳಾಕಾಗ್ಲಿಲ್ಲ" ಎಂದರು. ಅಧ್ಯಕ್ಷರು ಎಲೆಯಿಂದ ತಲೆ ಎತ್ತಲಿಲ್ಲ. ಮಗಳು ಅಪ್ಪನನ್ನೂ ಅವ್ವನನ್ನೂ ಸರದಿಯಂತೆ ನೋಡುತ್ತಿದ್ದಳು.

ಅಧ್ಯಕ್ಷರ ಹೆಂಡತಿ ಬಗ್ಗಿ ಅಮ್ಮನ ಎಲೆಗೆ ಸಾರು ಬಡಿಸಿದರು. ಆಮೇಲೆ ನನ್ನನ್ನು ಕೇಳಿದರು: "ಮೇಡಮ್, ಊಟ ಆದ್ಮೇಲೆ ನಿಮ್ ಫೋನಲ್ಲಿ ಒಂದ್ ಫೋಟೋ ಹಿಡ್ಕೊಡಿ. ಮಗಳು, ಅಕ್ಕ, ಇಬ್ರೂ ಪೂರ್ತಿ ಬರ್ಬೇಕು. ಕಟ್ಟಾಕಿಸ್ತೀನಿ."

ಊಟವಾಯಿತು. ಹುಡುಗಿ ಕಿರೀಟ ಇಟ್ಟುಕೊಂಡು ಅಂಗಳದಲ್ಲಿ ಬೆಳಕಿಗೆ ನಿಂತಳು. ನಾನು ಫೋನ್ ತೆಗೆದೆ. ಅಮ್ಮ ಎರಡು ಹೆಜ್ಜೆ ಇಟ್ಟವರು ನಿಂತುಬಿಟ್ಟರು. ಬೆಳಗಿನ ಕಾಡಿಗೆ, ಪೌಡರ್ ಎಲ್ಲ ಬೆವರಿಗೆ ಹೋಗಿತ್ತು. ಕೈಚೀಲದಲ್ಲಿ ಪೌಡರ್ ಡಬ್ಬಿಗಾಗಿ ತಡಕುತ್ತಾ, ಹಿತ್ತಲ ಕಡೆ ಎಲ್ಲಾದರೂ ಒಂದು ಮರೆ ಇದೆಯೇ ಎಂದು ಹುಡುಗಿಯನ್ನು ಕೇಳಿದರು.

"ಮರೆ ಯಾಕಕ್ಕಾ? ಕನ್ನಡಿ ನಮ್ ರೂಮಲ್ಲೈತೆ, ಬನ್ನಿ" ಎಂದು ಹುಡುಗಿಯ ಅವ್ವ ಅಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.